ಕಣ್ಣಾರೆ ಕಂಡ ಸಹಿ

ಚರ್ಚಿನಿಂದ ತಂದಿದ್ದ ಕರಪತ್ರದ ಬೆನ್ನಿಗೆ ಆರ್ವಿಡ್ ಲೀನ್ ಏಳನೆಯ ಸಲ ತನ್ನ ಗೆಳೆಯನ ಹೆಸರು ಬರೆದ. ಮೆರ್ಲಿನ್ ಸ್ಕಾರ್. ಮೊದಲ ಅಕ್ಷರದ ಎಡಗಾಲಿಗೆ ಒಂದು ಸಣ್ಣ ಸುಳಿ ಬರಬೇಕಿತ್ತು. ಅವನ ಕೈಯಲ್ಲಿ ಅದು ಬೇಲಿಯ ಗೂಟದ ಹಾಗೆ ನೆಟ್ಟಗೆ ನಿಂತುಕೊಂಡಿತು. ಇಪ್ಪತ್ತೊಂಬತ್ತು ವರ್ಷ ಕೌಂಟಿಯ ಹಿಮ ತಳ್ಳುವ ಲಾರಿಯ ಸ್ಟೀರಿಂಗ್ ಹಿಡಿದ ಕೈಗೆ ಸುಳಿ ಗಿಳಿ ಎಲ್ಲಿಂದ ಬರಬೇಕು. ಆದರೂ ಯಾರಾದರೂ ಕೇಳಿದರೆ, ಈ ಸಹಿ ನಾನೇ ಹಾಕಿದ್ದು ಎಂದು ಹೇಳಿದರೆ, ನಂಬುವಷ್ಟಾದರೂ ಬರಬೇಕಲ್ಲ ಎಂದು ಅವನು ಬೆಳಗಿನಿಂದ ಅಡುಗೆಮನೆಯ ಮೇಜಿಗೆ ಅಂಟಿಕೊಂಡು ಕೂತಿದ್ದ. ಹೊರಗೆ ಸೂರಿನ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಫೆಬ್ರವರಿಯಲ್ಲಿ ಹೀಗೆ ಕರಗುವುದು ಸರಿಯಲ್ಲ, ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹೋದವರಿಗೆ ಅಪಾಯ ಎಂದು ಯೋಚಿಸಿದ, ಕೂಡಲೇ ಕೆರೆಯ ಮೇಲೆ ಈಗ ಯಾರಿರಬಹುದು ಎನ್ನುವುದು ನೆನಪಾಗಿ ಪೆನ್ನು ಕೆಳಗಿಟ್ಟ. ಕಾಫಿಗೆ ಲೋಟ ತೆಗೆಯಲು ಬೀರುವಿನ ಬಾಗಿಲು ತೆರೆದಾಗ ಒಳಬದಿಗೆ ಅಂಟಿಸಿದ ಕಾಗದದ ಪಟ್ಟಿ ಕಂಡಿತು. ‘ಆರ್ವಿಡ್, ಓವನ್ ಮುನ್ನೂರೈವತ್ತು ಡಿಗ್ರಿ, ನಲವತ್ತು ನಿಮಿಷ. ಪಾತ್ರೆ ವಾಪಸು ಕೊಡುವ ಅವಸರವಿಲ್ಲ.’ ಅವನ ಹೆಂಡತಿ ಇನೆಜ್ ತೀರಿಕೊಂಡ ವಾರ ಮೆರ್ಲಿನ್‌ನ ಹೆಂಡತಿ ಲವಾನ್ ಕಳಿಸಿದ ಆಲೂಗಡ್ಡೆ ಮಾಂಸದ ಪಾತ್ರೆಯ ಮೇಲಿದ್ದ ಪಟ್ಟಿ ಅದು. ಪಾತ್ರೆ ವಾಪಸಾಗಿ ಎರಡು ವರ್ಷವಾಗಿತ್ತು, ಪಟ್ಟಿ ಮಾತ್ರ ಉಳಿದಿತ್ತು. ಅದರಲ್ಲೂ ಅದೇ ಸುಳಿ.

ಅರ್ಜಿಯ ಇಪ್ಪತ್ತಮೂರನೆಯ ಹಾಳೆಯ ಆರನೆಯ ಸಾಲು. ಅಲ್ಲಿ ಮೆರ್ಲಿನ್ ಸ್ಕಾರ್ ಎಂದು ಬರೆದವರು ಯಾರು ಎನ್ನುವುದನ್ನು ಇವತ್ತು ಸಂಜೆ ನಾಲ್ಕು ಗಂಟೆಯೊಳಗೆ ಆರ್ವಿಡ್ ಬರೆದು ಕೊಡಬೇಕಿತ್ತು. ಸೆನೆಟರ್ ಲೈಲ್ ಬ್ರಾಟೆನ್‌ನನ್ನು ಅವಧಿ ಮುಗಿಯುವ ಮೊದಲೇ ಮನೆಗೆ ಕಳಿಸಬೇಕು, ಅವನ ಕುರ್ಚಿಗೆ ಮತ್ತೆ ಚುನಾವಣೆ ನಡೆಯಬೇಕು ಎಂದು ಕೇಳುವ ಅರ್ಜಿ. ಅರವತ್ತು ದಿನದಲ್ಲಿ ಹದಿನೈದು ಸಾವಿರ ಸಹಿ. ಮೇಷ್ಟರುಗಳ, ರಸ್ತೆ ಕೆಲಸದವರ ಸಂಘಗಳಿಗೆ ಬಾಯಿಲ್ಲದಂತೆ ಮಾಡುವ ಕಾಯಿದೆಗೆ ರಾಜ್ಯದ ರಾಜಧಾನಿ ಮ್ಯಾಡಿಸನ್ನಿನಲ್ಲಿ ಕೈಯೆತ್ತಿದ ಬ್ರಾಟೆನ್, ಊರಿಗೆ ಬಂದು ‘ನಿಮಗಾಗಿಯೇ ಮಾಡಿದೆ’ ಎಂದು ನಕ್ಕಿದ್ದ. ಊರು ಎರಡಾಯಿತು. ಚರ್ಚಿನ ಕಾಫಿಯ ಮೇಜುಗಳೂ ಎರಡಾದವು. ಆರ್ವಿಡ್‌ಗೂ ಸಿಟ್ಟು ಬಂದಿತ್ತು, ನಿಜ. ಆದರೆ ಚಳಿಯಲ್ಲಿ ಮನೆಮನೆ ತಿರುಗಿ ನಲವತ್ತೊಂದು ಹಾಳೆ ಸಹಿ ತುಂಬಿಸುವಷ್ಟು ಸಿಟ್ಟು ಅದಾಗಿರಲಿಲ್ಲ ಎನ್ನುವುದು ಅವನೊಬ್ಬನಿಗೇ ಗೊತ್ತು. ಇನೆಜ್ ಹೋದಮೇಲೆ ಯಾರೂ ಅವನನ್ನು ಒಳಗೆ ಕರೆದಿರಲಿಲ್ಲ. ಕರೆಯಬಾರದು ಅಂತಲ್ಲ, ಗಂಡಹೆಂಡಿರನ್ನು ಊಟಕ್ಕೆ ಕರೆದು ಅಭ್ಯಾಸವಿದ್ದವರಿಗೆ ಒಬ್ಬಂಟಿ ಗಂಡಸನ್ನು ಏನು ಮಾಡಬೇಕೆಂದು ತೋಚುವುದಿಲ್ಲ. ಆಗ ಯಾರೋ ಅವನ ಕೈಗೆ ಅರ್ಜಿಯ ಹಾಳೆ ಸಿಕ್ಕಿಸಿದ ಹಲಗೆ ಕೊಟ್ಟರು. ಹಲಗೆ ಹಿಡಿದು ಬಾಗಿಲು ತಟ್ಟಿದರೆ, ‘ಅಯ್ಯೋ, ಎಷ್ಟು ಚಳಿ, ಒಳಗೆ ಬಾ’ ಎನ್ನುತ್ತಿದ್ದರು. ಬೈಯುವವರೂ ಒಳಗೆ ಕರೆದೇ ಬೈಯುತ್ತಿದ್ದರು. ಸೆನೆಟರನ ಕುರ್ಚಿ ಅಲುಗಾಡಿಸುವ ನೆಪದಲ್ಲಿ ತಾನು ಊರವರ ಅಡುಗೆಮನೆಗಳಲ್ಲಿ ಕೂತುಬಂದೆ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆಯಾಗುತ್ತಿತ್ತು.

ಹತ್ತು ಗಂಟೆಗೆ ಸಮಿತಿಯ ಕಚೇರಿಗೆ ಹೋದ. ಹಿಂದೆ ವಿಡಿಯೋ ಬಾಡಿಗೆಗೆ ಕೊಡುತ್ತಿದ್ದ ಅಂಗಡಿ. ಗೋಡೆಯ ಮೇಲೆ ಹರಿದ ಸಿನಿಮಾ ಚಿತ್ರಗಳ ಮೂಲೆಗಳು ಇನ್ನೂ ಇದ್ದವು. ಸಮಿತಿಯ ವಕೀಲೆ ರೋಸ್‌ಮೇರಿ ಕ್ವಾಲ್, ಐವತ್ತು ದಾಟಿದ ಹೆಂಗಸು, ಮೂಗಿನ ತುದಿಯ ಕನ್ನಡಕದ ಮೇಲಿಂದ ಅವನನ್ನು ನೋಡಿದಳು.

“ಕೂತ್ಕೋ ಆರ್ವಿಡ್. ಬ್ರಾಟೆನ್ ಕಡೆಯೋರು ಎಲ್ಲಾ ಹಾಳೇನೂ ಕಂಪ್ಯೂಟರಿಗೆ ಹಾಕಿದಾರೆ, ಹೆಸರು ಹೊಡೆದ್ರೆ ಸಾಕು, ಯಾರ್ಯಾರು ಸಹಿ ಮಾಡಿದಾರೆ ಅಂತ ಬರುತ್ತೆ. ಮೆರ್ಲಿನ್ ಸ್ಕಾರ್ ನಾನು ಮಾಡೇ ಇಲ್ಲ ಅಂತಾನೆ. ನಮ್ಮ ಹತ್ರ ಬೇಕಾದ್ದಕ್ಕಿಂತ ಇರೋದು ನೂರಿಪ್ಪತ್ತು ಸಹಿ ಜಾಸ್ತಿ. ನೀನು ಸುಳ್ಳು ಸಾಕ್ಷಿ ಹಾಕಿದೀಯ ಅಂತಾದ್ರೆ ಈ ಹಾಳೆ ಒಂದೇ ಅಲ್ಲ, ನಿನ್ನ ನಲವತ್ತೊಂದು ಹಾಳೇನೂ ಹಿಡ್ಕೊಂಡು ಎಳೀತಾರೆ. ಮುನ್ನೂರ ಎಪ್ಪತ್ತು ಹೆಸರು. ಅಲ್ಲಿಗೆ ಚುನಾವಣೆನೂ ಇಲ್ಲ, ಏನೂ ಇಲ್ಲ.”

ಅವಳು ಹಾಳೆಯ ಪ್ರತಿಯನ್ನು ಮುಂದಕ್ಕೆ ತಳ್ಳಿದಳು. ಐದನೆಯ ಸಾಲು ಲವಾನ್ ಸ್ಕಾರ್, ಆರನೆಯದು ಮೆರ್ಲಿನ್ ಸ್ಕಾರ್. ಎರಡರ ನಡುವೆ ಹೆಬ್ಬೆರಳಿನಷ್ಟಗಲ ಬೂದು ಕಲೆ. ಅದು ಬೆಣ್ಣೆ ಎಂದು ಆರ್ವಿಡ್‌ಗೆ ಗೊತ್ತಿತ್ತು. ಹಾಳೆಯ ಅಡಿಯಲ್ಲಿ ಮುದ್ರಿಸಿದ ವಾಕ್ಯ: ಮೇಲಿನ ಪ್ರತಿಯೊಬ್ಬರೂ ನನ್ನ ಕಣ್ಣೆದುರಿಗೇ ತಮ್ಮ ಕೈಯಾರೆ ಸಹಿ ಮಾಡಿದ್ದಾರೆ. ಅದರ ಕೆಳಗೆ ಬೇಲಿಯ ಗೂಟಗಳಂಥ ಅಕ್ಷರಗಳಲ್ಲಿ ಆರ್ವಿಡ್ ಲೀನ್.

“ಅವನೇ ಮಾಡಿದ್ನಾ?” ಎಂದಳು ರೋಸ್‌ಮೇರಿ.

ಹೌದು ಎಂದರೆ ನಲವತ್ತು ವರ್ಷದ ಗೆಳೆಯ ಊರೆದುರು ಸುಳ್ಳುಗಾರ. ಲವಾನ್ ಮಾಡಿದಳು ಎಂದರೆ ಅವಳು ಗಂಡನ ಎದುರಿಗೂ ಕಾನೂನಿನ ಎದುರಿಗೂ ನಿಲ್ಲಬೇಕು.

“ಯೋಚನೆ ಮಾಡಿ ಹೇಳ್ತೀನಿ.”

“ಯೋಚನೆ ಮಾಡೋದೇನಿದೆ? ನೋಡಿದ್ಯೋ ಇಲ್ವೋ?” ಎಂದವಳು ಅವನ ಮುಖ ಕಂಡು ದನಿ ತಗ್ಗಿಸಿದಳು. ಎರಡು ಕಾಗದ ಕೊಟ್ಟಳು. “ಇದು ನಿನ್ನ ಹೇಳಿಕೆಗೆ. ಇದು ಮೆರ್ಲಿನ್‌ದು, ಅವನು ಮನಸ್ಸು ಬದಲಾಯಿಸಿದ್ರೆ. ಸಹಿ ನನ್ನದೇ ಅಂತ ಅವನು ಬರ್ದು, ಕೆಳಗೆ ಒಬ್ಬ ಸಾಕ್ಷಿ ಹಾಕಿದ್ರೆ ಆಯ್ತು. ನಾಲ್ಕಕ್ಕೆ ನಾನು ಮ್ಯಾಡಿಸನ್ನಿಗೆ ಹೊರಡ್ತೀನಿ. ನಾಲ್ಕೂಕಾಲಿಗೆ ಬಂದು ಬಾಗಿಲು ತಟ್ಬೇಡ.”

ಪೆಟ್ರೋಲು ಹಾಕಿಸುವಲ್ಲಿ ಹಾಲಿನ ಲಾರಿ ಓಡಿಸುವವನೊಬ್ಬ, ಹೆಸರು ಕೂಡ ಸರಿಯಾಗಿ ಗೊತ್ತಿಲ್ಲದವನು, ಕಿಟಕಿಯಿಂದ ತಲೆ ಹಾಕಿ, “ಏನಯ್ಯ ಆರ್ವಿಡ್, ನನ್ನ ಸಹಿನೂ ನೀನೇ ಹಾಕ್ಬಿಟ್ಯಾ ಹೆಂಗೆ? ಒಳ್ಳೇದಾಯ್ತು ಬಿಡು, ನನಗೆ ಮೊದ್ಲಿಂದ ಬರೆಯೋದಂದ್ರೆ ಬೇಜಾರು” ಎಂದ. ಸುತ್ತಲಿದ್ದವರು ನಕ್ಕರು. ಆರ್ವಿಡ್ ಕೂಡ ನಕ್ಕ. ನಗಬಾರದಿತ್ತು, ನಕ್ಕರೆ ಒಪ್ಪಿಕೊಂಡ ಹಾಗೆ. ಆದರೆ ತುಟಿ ತಾನಾಗಿ ಅಗಲವಾಯಿತು. ಹೀಗೇ, ಯಾವ ಮಾತಿಗೂ ಇಲ್ಲ ಎನ್ನದೆ ಅರವತ್ತೆರಡು ವರ್ಷ ಕಳೆದೆನಲ್ಲ ಎಂದು ತನ್ನ ಮೇಲೆಯೇ ಅಸಹ್ಯವಾಯಿತು. ಇನೆಜ್ ಹೇಳುತ್ತಿದ್ದಳು, ನಿನ್ನದು ಒಳ್ಳೆಯತನ ಅಲ್ಲ ಕಣೋ, ಸೋಮಾರಿತನ, ಒಬ್ಬರ ಮುಖ ಸಪ್ಪಗಾಗೋದನ್ನ ನೋಡೋ ಕಷ್ಟ ನಿನಗೆ ಬೇಡ ಅಷ್ಟೆ. ಅವಳು ಕೊನೆಯ ಸಲ ಹಾಗಂದಿದ್ದು ಆಸ್ಪತ್ರೆಯಲ್ಲಿ, ಡಾಕ್ಟರು ಏನಂದರು ಎಂದು ಅವಳು ಕೇಳಿದ್ದಕ್ಕೆ ಇವನು ಎಲ್ಲಾ ಸರಿಹೋಗುತ್ತಂತೆ ಎಂದಾಗ.

ಆ ಸಹಿ ಬಿದ್ದ ದಿನ ಲವಾನ್‌ಳ ಮುಖ ಸಪ್ಪಗಾಗಲು ಒಂದು ಗೆರೆ ಸಾಕಿತ್ತು. ಆರನೆಯ ಸಾಲಿನ ಮೇಲೆ ಅಡ್ಡಲಾಗಿ ಒಂದೇ ಗೆರೆ. ನವೆಂಬರಿನ ಶನಿವಾರ, ಜಿಂಕೆ ಬೇಟೆ ಶುರುವಾದ ದಿನ. ಕೌಂಟಿಯ ಗಂಡಸರೆಲ್ಲ ಬೆಳಕು ಹರಿಯುವ ಮೊದಲೇ ಕಿತ್ತಳೆ ಅಂಗಿ ತೊಟ್ಟು ಕಾಡಿನ ಬಿಡಾರಗಳಿಗೆ ಹೋಗಿದ್ದರು. ಮನೆಗಳಲ್ಲಿ ಬರೀ ಹೆಂಗಸರು. ಆರ್ವಿಡ್ ಆ ವರ್ಷವೂ ಹೋಗಿರಲಿಲ್ಲ. ಲವಾನ್ ಹಬ್ಬಕ್ಕೆ ಲೆಫ್ಸಾ ಮಾಡುತ್ತಿದ್ದಳು. ಉದ್ದನೆಯ ಕೋಲಿನಿಂದ ಆಲೂಗಡ್ಡೆಯ ತೆಳು ರೊಟ್ಟಿಯನ್ನು ಮಗುಚುತ್ತ, ಮೊಣಕೈಯವರೆಗೆ ಹಿಟ್ಟು ಮಾಡಿಕೊಂಡು, “ಕೂತ್ಕೋ, ಬಿಸಿ ಇರೋವಾಗ್ಲೇ ತಿನ್ನು” ಎಂದಳು. ಬೆಣ್ಣೆ ಸವರಿ ಸಕ್ಕರೆ ಉದುರಿಸಿ ಸುತ್ತಿಕೊಟ್ಟಳು. ತಿನ್ನುವಷ್ಟರಲ್ಲಿ ತಟ್ಟೆಗೆ ಇನ್ನೊಂದು ಬಂತು. ಕೈ ಒರೆಸಿಕೊಂಡು ಐದನೆಯ ಸಾಲಿಗೆ ತನ್ನ ಹೆಸರು ಬರೆದು, ಪೆನ್ನು ಎತ್ತದೆ ಆರನೆಯ ಸಾಲಿಗೂ ಹೋದಳು.

“ಲವಾನ್, ಅದನ್ನ ಅವನೇ ಮಾಡ್ಬೇಕು.”

“ಅವನು ಬರೋದು ಗುರುವಾರ. ಅಷ್ಟೊತ್ತಿಗೆ ನೀನು ಬರ್ತೀಯಾ?” ಎಂದು ನಕ್ಕಳು. “ಮೂವತ್ನಾಲ್ಕು ವರ್ಷದಿಂದ ಅವನ ಸಹಿ ನಾನೇ ಮಾರಾಯ. ಬೇಟೆ ಲೈಸೆನ್ಸಿಂದ ಹಿಡ್ದು ಕ್ರಿಸ್ಮಸ್ ಕಾರ್ಡ್ ತನಕ. ಅವನಾಗೇ ಬರೆದ್ರೆ ಯಾರೂ ನಂಬಲ್ಲ. ಬ್ರಾಟೆನ್ ಅಂದ್ರೆ ಅವನಿಗೂ ಆಗಲ್ಲ, ಭಾವನ ಹತ್ರ ಕೆಲಸ ಅಂತ ಬಾಯ್ ಮುಚ್ಕೊಂಡಿದಾನೆ.”

ಬ್ರಾಟೆನ್‌ನ ಭಾವನ ಮರಳಿನ ಗಣಿಯಲ್ಲಿ ಮೆರ್ಲಿನ್ ಮೇಸ್ತ್ರಿ. ಅದು ಆರ್ವಿಡ್‌ಗೆ ಗೊತ್ತಿತ್ತು. ನಿಯಮವೂ ಗೊತ್ತಿತ್ತು. ಆಗಲೇ ಗೆರೆ ಹೊಡೆಯಬೇಕಿತ್ತು. ಹೊಡೆದರೆ ಅವಳು ‘ಸರಿ ಬಿಡು’ ಎನ್ನುತ್ತಿದ್ದಳು, ಕೋಣೆಯಲ್ಲಿದ್ದ ಏನೋ ಒಂದು ಮುರಿಯುತ್ತಿತ್ತು, ಅವನು ಎದ್ದು ಹಲಗೆ ಎತ್ತಿಕೊಂಡು ಚಳಿಗೆ ಹೋಗಬೇಕಾಗುತ್ತಿತ್ತು. ಹೋಗಲು ಮನಸ್ಸಿರಲಿಲ್ಲ. ಇನ್ನೊಂದು ಹತ್ತು ನಿಮಿಷ ಆ ಬೆಚ್ಚಗಿನ ವಾಸನೆಯಲ್ಲಿ, ಅವಳ ಬೆನ್ನು ನೋಡುತ್ತ ಕೂತಿರುವ ಆಸೆ. ಅಷ್ಟೇ. ಅಷ್ಟೇ ಎಂದು ಈ ಮೂರು ತಿಂಗಳಲ್ಲಿ ಎಷ್ಟು ಸಲ ಹೇಳಿಕೊಂಡಿದ್ದನೋ, ಹೇಳಿಕೊಂಡಷ್ಟೂ ಅದು ಅಷ್ಟೇ ಆಗಿ ಉಳಿಯಲಿಲ್ಲ. ಸಂಜೆ ಕಾರಿನಲ್ಲಿ ಕೂತು, ಬಾಯಿಯಲ್ಲಿ ಇನ್ನೂ ಬೆಣ್ಣೆಯ ರುಚಿ ಇರುವಾಗಲೇ, ಹಾಳೆಯ ಅಡಿಗೆ ಸಹಿ ಹಾಕಿದ.

ಮಧ್ಯಾಹ್ನ ಅವನು ಸ್ಕಾರ್ ಮನೆಯ ಮುಂದೆ ಕಾರು ನಿಧಾನ ಮಾಡಿದಾಗ ಲವಾನ್ ರಸ್ತೆ ಬದಿಯ ಟಪಾಲು ಪೆಟ್ಟಿಗೆಯ ಹತ್ತಿರ ಬಂದಿದ್ದಳು. ಗಂಡನ ಹಳೆಯ ಕೋಟು ಹೊದ್ದು, ಕಾಲಿಗೆ ಬೂಟು ಕಟ್ಟದೆ. ಕಾದಿದ್ದಳೇನೋ. ಕಿಟಕಿ ಇಳಿಸಿದ.

“ಒಳಗೆ ಕರೆಯೋ ಹಾಗಿಲ್ಲ ಆರ್ವಿಡ್. ಯಾರಾದ್ರೂ ನೋಡ್ತಾರೆ.”

“ಪರವಾಗಿಲ್ಲ.”

“ಅವನಿಗೆ ನಾನು ಹೇಳ್ಲಿಲ್ಲ. ಹೇಳ್ಬೇಕು ಅಂದ್ಕೊಂಡೆ. ಮೊದಲ್ನೇ ದಿನ ಬಂದು, ಯಾವ ನಾಯಿ ನನ್ನ ಹೆಸರು ಬರೀತು ಅಂತ ಕೂಗಾಡ್ದ. ಆವಾಗ ಬಾಯಿ ಬರ್ಲಿಲ್ಲ. ಆಮೇಲೆ ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು.” ಅವಳ ಮೂಗು ಕೆಂಪಾಗಿತ್ತು. “ಮೇಸ್ತ್ರಿ ಅಂತ ಕೊಟ್ಟಿದ್ದ ಟ್ರಕ್ ಕಿತ್ಕೊಂಡ್ರು. ಮರಳು ತೊಳೆಯೋ ಕಡೆ ಹಾಕಿದ್ರು. ಈ ವಾರ ಅದೂ ಇಲ್ಲ, ಹೇಳಿ ಕಳಿಸ್ತೀವಿ ಅಂದಿದಾರೆ. ನೀನು ಸಹಿ ಮಾಡಿಲ್ಲ ಅಂತ ಗೊತ್ತಾಗ್ಲಿ, ಆಮೇಲೆ ನೋಡೋಣ ಅಂದ್ರಂತೆ.”

“ನಾನು ನೋಡ್ಕೋತೀನಿ.”

“ಏನಂತ ಬರೀತೀಯ?”

“ನಿನ್ನ ಹೆಸರು ಬರೋದಿಲ್ಲ.”

ಅವಳು ಅಳಲಿಲ್ಲ, ಥ್ಯಾಂಕ್ಸ್ ಅನ್ನಲೂ ಇಲ್ಲ. ಕಾರಿನ ಬಾಗಿಲ ಮೇಲಿದ್ದ ಅವನ ಕೈಯನ್ನು ಒಂದು ಸಲ ಮುಟ್ಟಿ, ಮುಟ್ಟಿದ್ದು ತನಗೇ ಗೊತ್ತಾದವಳಂತೆ ಹಿಂದಕ್ಕೆಳೆದುಕೊಂಡು, “ಅವನು ಕೆರೆ ಮೇಲಿದಾನೆ” ಎಂದು ಮನೆ ಕಡೆ ನಡೆದಳು. ಆ ಕ್ಷಣ ಆರ್ವಿಡ್‌ಗೆ ಖುಷಿಯಾಯಿತು. ಮುನ್ನೂರ ಎಪ್ಪತ್ತು ಜನರ ಸಹಿ ಮಣ್ಣುಪಾಲಾಗುತ್ತದೆ, ಬ್ರಾಟೆನ್ ಕುರ್ಚಿಯಲ್ಲೇ ಉಳಿಯುತ್ತಾನೆ, ತಾನು ಜೈಲಿಗೆ ಹೋದರೂ ಹೋದೆ, ಅಂಥದರಲ್ಲಿ ಖುಷಿ. ತಾನು ಎಂಥ ಮನುಷ್ಯ ಎಂದು ಅವನಿಗೆ ಭಯವಾಯಿತು.

ಮಂಜುಗಡ್ಡೆಯ ಮೇಲೆ ಎರಡಂಗುಲ ನೀರು ನಿಂತಿತ್ತು. ಆಕಾಶವೂ ಕೆರೆಯೂ ಒಂದೇ ಬಣ್ಣ. ಬೇರೆಯವರೆಲ್ಲ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಕೂರುವ ತಮ್ಮ ಮರದ ಗೂಡುಗಳನ್ನು ದಡಕ್ಕೆ ಎಳೆದುಕೊಂಡಿದ್ದರು. ನಡುವೆ ಮೆರ್ಲಿನ್‌ನ ಹಸಿರು ಗೂಡೊಂದೇ ಉಳಿದಿತ್ತು. ಆ ಗೂಡನ್ನು ಇಬ್ಬರೂ ಸೇರಿ ಮೆರ್ಲಿನ್‌ನ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಇಪ್ಪತ್ತಾರು ಚಳಿಗಾಲ ಇಬ್ಬರೂ ಸೇರಿ ಎಳೆದಿದ್ದರು. ಈ ವರ್ಷ ಮೆರ್ಲಿನ್ ಒಬ್ಬನೇ ಎಳೆದ. ಬೂಟಿನ ಕೆಳಗೆ ಎಲ್ಲೋ ಆಳದಲ್ಲಿ ಮಂಜುಗಡ್ಡೆ ನರಳಿತು. ಆರ್ವಿಡ್ ನಿಲ್ಲಲಿಲ್ಲ. ಹೇಳಬೇಕಾದ ವಾಕ್ಯವನ್ನು ಹೆಜ್ಜೆಗೊಮ್ಮೆ ಹೇಳಿಕೊಳ್ಳುತ್ತ ನಡೆದ: ನಾನೇ ಬರೆದೆ, ಹಾಳೆ ತುಂಬಲಿ ಅಂತ ಬರೆದೆ.

ಬಾಗಿಲು ತಟ್ಟಿದ. ತಮ್ಮದೇ ಗೂಡಿನ ಬಾಗಿಲು ತಟ್ಟುವುದು ವಿಚಿತ್ರವಾಗಿತ್ತು.

“ತೆಗ್ದೇ ಇದೆ” ಎಂದಿತು ಒಳಗಿನ ದನಿ.

ಮೆರ್ಲಿನ್ ಮಗುಚಿದ ಬಕೆಟ್ಟಿನ ಮೇಲೆ ಕೂತು ನೆಲದ ತೂತಿನೊಳಗಿನ ಕಪ್ಪು ನೀರನ್ನು ನೋಡುತ್ತಿದ್ದ. ಗಡ್ಡ ಬಿಟ್ಟಿದ್ದ. ಗ್ಯಾಸ್ ಒಲೆ ಸಣ್ಣಗೆ ಉರಿಯುತ್ತಿತ್ತು. ಆರ್ವಿಡ್‌ನ ಬಕೆಟ್ಟು ಎದುರಿಗೆ, ಎಂದಿನ ಜಾಗದಲ್ಲೇ ಇತ್ತು. ಕೂರು ಎಂದು ಮೆರ್ಲಿನ್ ಹೇಳಲಿಲ್ಲ. ಅವನು ಕೂತ. ಇಬ್ಬರ ಮೊಣಕಾಲೂ ತಗುಲುವಷ್ಟು ಇಕ್ಕಟ್ಟು.

“ಮೀನು?”

“ಇಲ್ಲ.”

ಆರ್ವಿಡ್ ಕೈಗವಸು ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡ.

“ಮೆರ್ಲಿನ್, ನಿನ್ನ ಹೆಸರು ನಾನೇ ಬರೆದಿದ್ದು.”

ಮೆರ್ಲಿನ್ ದಾರವನ್ನು ಎರಡು ಬೆರಳಲ್ಲಿ ಎತ್ತಿ ಇಳಿಸಿದ.

“ನೀನು.”

“ಹಾಳೆ ತುಂಬ್ಲಿ ಅಂತ. ನೀನು ಬೇಡ ಅನ್ನಲ್ಲ ಅಂದ್ಕೊಂಡೆ. ತಪ್ಪಾಯ್ತು. ಇವತ್ತು ಹಾಗಂತ ಬರ್ದು ಕೊಡ್ತೀನಿ. ಗಣಿಯೋರಿಗೂ ತೋರ್ಸು.”

ಮೆರ್ಲಿನ್ ನಕ್ಕ. ಖುಷಿಯ ನಗುವಲ್ಲ, ಸಿಟ್ಟಿನದೂ ಅಲ್ಲ. “ಲೋ ಆರ್ವಿಡ್, ನಿನಗೆ ಒಂದು ಬೋರ್ಡ್ ಸರಿಯಾಗಿ ಬರೆಯೋಕೆ ಬರಲ್ಲ. ಈ ಗೂಡಿನ ಮೇಲೆ ನಮ್ಮಿಬ್ಬರ ಹೆಸರು ನೀನು ಬರೆದಾಗ ನಿನ್ನದೇ ತಪ್ಪು ಬರೆದಿದ್ದೆ.” ದಾರವನ್ನು ಮೊಳೆಗೆ ಸುತ್ತಿದ. “ಮೊದಲ್ನೇ ದಿನ ಗಣಿಯಲ್ಲಿ ಆ ಹಾಳೆ ನನ್ನ ಮುಖಕ್ಕೆ ಹಿಡಿದ್ರಲ್ಲ, ಆಗ್ಲೇ ಗೊತ್ತಾಯ್ತು. ನನ್ನ ಹೆಂಡ್ತಿ ಕೈಬರಹ ನನಗೆ ಗೊತ್ತಾಗಲ್ವಾ? ಬೆಣ್ಣೆ ಬೇರೆ. ನಾನು ಮನೆಗೆ ಬಂದು ಕೂಗಾಡಿದ್ದು ಅವಳೇ ಹೇಳ್ಲಿ ಅಂತ. ಹೇಳ್ಲಿಲ್ಲ. ಹೆದರಿದಾಳೆ, ಇರ್ಲಿ. ಅದು ನನಗೂ ಅವಳಿಗೂ ಇರೋ ಮಾತು. ಮೂರು ವಾರದಿಂದ ನಾನು ಕಾಯ್ತಿರೋದು ಅವಳಿಗೋಸ್ಕರ ಅಲ್ಲ, ನಿನಗೋಸ್ಕರ. ಬಂದು ಏನು ಹೇಳ್ತೀಯ ಅಂತ. ಅವಳು ಮಾಡಿದ್ಲು ಕಣೋ, ನಾನು ತಡೀಲಿಲ್ಲ, ಬೈಯಿ ನನ್ನ ಅಂತ ಹೇಳಿದ್ರೆ, ಮುಖಕ್ಕೊಂದು ಕೊಟ್ಟು ಕಾಫಿ ಕೊಡ್ತಿದ್ದೆ.”

ಆರ್ವಿಡ್ ಬಕೆಟ್ಟಿನ ಮೇಲೆಯೇ ಸ್ವಲ್ಪ ಹಿಂದಕ್ಕೆ ಸರಿದ.

“ನೀನು ಜೈಲಿಗೆ ಹೋಗೋಕೂ ತಯಾರಾಗಿದೀಯ” ಎಂದ ಮೆರ್ಲಿನ್, ಮೆಲ್ಲಗೆ. “ನನಗೋಸ್ಕರ ಅಲ್ಲ.”

“ಹಾಗೇನಿಲ್ಲ, ಮೆರ್ಲಿನ್. ದೇವರಾಣೆ, ಏನೂ—”

“ಏನೂ ನಡೆದಿಲ್ಲ, ಗೊತ್ತು. ಅವಳ ತಲೇಲಿ ಅಂಥದ್ದು ಬರೋದೂ ಇಲ್ಲ. ನಿನ್ನ ಬೀರು ಬಾಗಿಲಿನ ಒಳಗೆ ಆ ಪಟ್ಟಿ ಅಂಟಿಸ್ಕೊಂಡಿದೀಯಲ್ಲ, ಹೋದ್ ವರ್ಷ ಲೋಟ ತಗೊಳ್ಳೋಕೆ ಹೋದಾಗ ನೋಡ್ದೆ. ಹೆಂಡ್ತಿ ಹೋದೋನು, ಒಬ್ನೇ ಇದಾನೆ, ಏನೋ ಇರ್ಲಿ ಬಿಡು ಅಂದ್ಕೊಂಡು ಬಾಗಿಲು ಮುಚ್ದೆ.” ಅವನ ದನಿ ಒಡೆಯಿತು, ಕೆಮ್ಮಿ ಸರಿಮಾಡಿಕೊಂಡ. “ಆ ಕಾಗದ ತಂದಿದೀಯಾ? ವಕೀಲೆ ಎರಡು ಕೊಟ್ಟಿರ್ತಾಳೆ. ನನ್ನದು ಕೊಡು.”

ಆರ್ವಿಡ್ ಕೋಟಿನ ಒಳಜೇಬಿನಿಂದ ಕಾಗದ ತೆಗೆದ. ಮೆರ್ಲಿನ್ ಮೀನಿನ ಪೆಟ್ಟಿಗೆಯ ಮುಚ್ಚಳ ತೊಡೆಯ ಮೇಲಿಟ್ಟುಕೊಂಡು, ಪೆನ್ನನ್ನು ಸುತ್ತಿಗೆ ಹಿಡಿದ ಹಾಗೆ ಹಿಡಿದು ಬರೆಯತೊಡಗಿದ. ಇಪ್ಪತ್ತಮೂರನೆಯ ಹಾಳೆಯ ಆರನೆಯ ಸಾಲಿನ ಸಹಿ ನನ್ನದೇ, ನಾನೇ ಮಾಡಿದ್ದು.

“ಬೇಡ ಮೆರ್ಲಿನ್. ಇದನ್ನ ಕೊಟ್ರೆ ಗಣಿಯಲ್ಲಿ ನಿನ್ನ ಮತ್ತೆ ಹತ್ತಿಸ್ಕೊಳ್ಳಲ್ಲ. ಸುಳ್ಳ ಅಂತಾರೆ.”

“ಅಂತಾರೆ.”

“ನಾನು ಬರ್ಕೊಡ್ತೀನಿ ಅಂದ್ನಲ್ಲ. ನನ್ನಿಂದಾದ್ದು, ನಾನೇ—”

“ಆರ್ವಿಡ್.” ಮೆರ್ಲಿನ್ ತಲೆಯೆತ್ತಿದ. “ಅವಳನ್ನ ಕಾಪಾಡೋದು ನನ್ನ ಕೆಲಸ.”

ಮತ್ತೆ ತಲೆ ಬಗ್ಗಿಸಿ ಸಹಿ ಹಾಕಿದ. ನಲವತ್ತು ವರ್ಷದಲ್ಲಿ ಮೆರ್ಲಿನ್ ತನ್ನ ಹೆಸರು ಬರೆಯುವುದನ್ನು ಆರ್ವಿಡ್ ನೋಡಿದ್ದು ಅದೇ ಮೊದಲು. ಒಂದೊಂದೇ ಅಕ್ಷರ, ನಾಲಗೆಯ ತುದಿ ಕಚ್ಚಿಕೊಂಡು, ಶಾಲೆಯ ಮಗುವಿನ ಹಾಗೆ. ಸುಳಿ ಇಲ್ಲ, ಓಟ ಇಲ್ಲ, ಕೊನೆಯ ಎರಡು ಅಕ್ಷರ ಗೆರೆಯಿಂದ ಕೆಳಗೆ ಜಾರಿದ್ದವು. ಇನೆಜ್ ಸತ್ತಾಗ ಬಂದ ಸಂತಾಪದ ಕಾರ್ಡಿನಲ್ಲಿ ಮೆರ್ಲಿನ್ ಎಂದು ಬರೆದಿದ್ದ ಕೈ ಇದಲ್ಲ ಎಂದು ಹೊಳೆದು ಆರ್ವಿಡ್‌ಗೆ ಯಾಕೋ ಈಗ ಅಳು ಬಂತು.

“ನೋಡ್ದ್ಯಾ?” ಎಂದ ಮೆರ್ಲಿನ್. “ನಿನ್ನ ಕಣ್ಣೆದುರಿಗೇ ಮಾಡಿದೀನಿ. ಅಡಿಯಲ್ಲಿ ಸಾಕ್ಷಿ ಹಾಕು.”

ಆರ್ವಿಡ್ ಹಾಕಿದ. ಮೆರ್ಲಿನ್ ಶಾಯಿ ಒಣಗಲೆಂದು ಕಾಗದವನ್ನು ಒಲೆಯ ಹತ್ತಿರ ಹಿಡಿದು, ಮಡಿಸಿ ಕೊಟ್ಟ. ಆಮೇಲೆ ಎದ್ದು ನಿಂತು, ಆರ್ವಿಡ್ ಏಳುವುದನ್ನೇ ಕಾದು, ಅವನು ಕೂತಿದ್ದ ಬಕೆಟ್ಟನ್ನು ಎತ್ತಿ ಅವನ ಕೈಗೆ ಕೊಟ್ಟ.

“ಇದು ನಿನ್ನದು. ಮಂಜುಗಡ್ಡೆ ತೆಳ್ಳಗಾಗಿದೆ, ಬಂದ ದಾರೀಲೇ ಹೋಗು.”

ಮೂರೂ ಮುಕ್ಕಾಲಿಗೆ ರೋಸ್‌ಮೇರಿ ಕಾಗದ ಬಿಡಿಸಿ ಎರಡು ಸಲ ಓದಿದಳು. ಸಹಿಯನ್ನು ಬೆಳಕಿಗೆ ಹಿಡಿದು ಹಳೆಯ ಹಾಳೆಯ ಪಕ್ಕ ಇಟ್ಟಳು. ಎರಡೂ ಒಬ್ಬನ ಕೈಯದಲ್ಲ ಎಂದು ಯಾರಿಗಾದರೂ ಕಾಣುವಂತಿತ್ತು. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

“ಚಳಿಗೆ ಕೈ ಮರಗಟ್ಟಿತ್ತೇನೋ” ಎಂದಳು ಕೊನೆಗೆ. “ನಿನ್ನ ಎದುರಿಗೇ ಮಾಡಿದ್ನಾ?”

“ಹೌದು.”

“ನೋಡಿದ್ಯಾ?”

“ಕಣ್ಣಾರೆ ನೋಡಿದೆ” ಎಂದ ಆರ್ವಿಡ್. ಈ ಅರ್ಜಿಯ ವಿಷಯದಲ್ಲಿ ಅವನು ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಅದೊಂದೇ. ಅವಳು ಕಾಗದವನ್ನು ಪೆಟ್ಟಿಗೆಯೊಳಗೆ ಸೇರಿಸಿ, ಅವನ ತೋಳು ತಟ್ಟಿ, “ಚುನಾವಣೆ ಆಗುತ್ತೆ ಆರ್ವಿಡ್, ನೋಡ್ತಿರು” ಎಂದಳು. ಅವನು ತಲೆಯಾಡಿಸಿದ.

ಮನೆಗೆ ಹೋಗುವ ದಾರಿಯಲ್ಲಿ ಸ್ಕಾರ್ ಮನೆಯ ತಿರುವು ಬಂತು. ಅಡುಗೆಮನೆಯ ದೀಪ ಹತ್ತಿತ್ತು. ಕೆರೆಯಿಂದ ಬಂದ ಹಳೆಯ ಟ್ರಕ್ಕು ಅಂಗಳದಲ್ಲಿ ನಿಂತಿತ್ತು. ಆರ್ವಿಡ್‌ನ ಕೈ ತನ್ನಷ್ಟಕ್ಕೆ ತಿರುವಿನ ದೀಪ ಹಾಕಿತು; ನಲವತ್ತು ವರ್ಷದ ಅಭ್ಯಾಸ. ಅದು ಟಕ್ ಟಕ್ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಬಕೆಟ್ಟು ಉರುಳಿ ಬಾಗಿಲಿಗೆ ಬಡಿಯಿತು. ಅವನು ದೀಪ ಆರಿಸಿ ನೇರ ಹೋದ.